ಟಾಕೀಸಿನಲ್ಲಿ ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ನೋಡುತ್ತ ಕೂತವರು ಕೂತಲ್ಲೇ ಹೋದರು ಎನ್ನುವ ಸುದ್ದಿ ಬಂದಾಗೆಲ್ಲ ಗೆಳೆಯರು, ನೆಂಟರು ನನ್ನನ್ನು ಒಂದಷ್ಟು ಪ್ರಶ್ನೆ ಕೇಳುತ್ತಾರೆ. ನಾನು ಡಾಕ್ಟರಲ್ಲ, ವಾರಕ್ಕೊಂದು ಸಿನಿಮಾ ನೋಡುವವನು. ಹಲವು ವರ್ಷಗಳ ಹಿಂದೆ ನನ್ನ ಸಾಲಿನಲ್ಲೇ ಒಬ್ಬರು ತೀರಿಕೊಂಡರು. ಅದಾದ ಮೇಲೆ ಎದೆ ಒತ್ತುವ ತರಬೇತಿ ಪಡೆದೆ, ಈ ವಿಷಯದಲ್ಲಿ ಕೈಗೆ ಸಿಕ್ಕ ವರದಿಗಳನ್ನೂ ತೀರ್ಪುಗಳನ್ನೂ ಓದಿದೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸಿನಿಮಾ ನೋಡುತ್ತ ಸಾಯುವುದು ನಿಜವೇ, ಪತ್ರಿಕೆಯವರ ಉತ್ಪ್ರೇಕ್ಷೆಯೇ?

ನಿಜ. 2010ರ ಜನವರಿಯಲ್ಲಿ ತೈವಾನಿನ ಸಿಂಚು ನಗರದಲ್ಲಿ 42 ವರ್ಷದ ಒಬ್ಬರು ‘ಅವತಾರ್’ ಸಿನಿಮಾವನ್ನು 3ಡಿಯಲ್ಲಿ ನೋಡುತ್ತಿದ್ದಾಗ ಅಸ್ವಸ್ಥರಾದರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು, ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಮೊದಲಿನಿಂದಲೂ ಬಿ.ಪಿ. ಇತ್ತು. 2016ರ ಜೂನ್‌ನಲ್ಲಿ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ‘ಕಂಜ್ಯೂರಿಂಗ್ 2’ ನೋಡುತ್ತಿದ್ದ 65 ವರ್ಷದವರೊಬ್ಬರು ಎದೆನೋವೆಂದು ಒದ್ದಾಡಿದರು, ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು. 2004ರಲ್ಲಿ ಅಮೆರಿಕದ ವಿಚಿಟಾದಲ್ಲಿ ಏಸುವಿನ ಕೊನೆಯ ಗಂಟೆಗಳ ಕುರಿತ ಸಿನಿಮಾ ನೋಡುತ್ತಿದ್ದ, ಐವತ್ತು ದಾಟಿದ ಹೆಂಗಸೊಬ್ಬರು ಶಿಲುಬೆಗೇರಿಸುವ ದೃಶ್ಯದ ಹೊತ್ತಿಗೆ ಹೃದಯಾಘಾತದಿಂದ ಕುಸಿದರು.

ಆದರೆ ‘ಆ ಸಿನಿಮಾ ಒಬ್ಬನನ್ನು ಕೊಂದಿತು’ ಎಂಬ ತಲೆಬರಹ ನನಗೆ ಒಪ್ಪಿಗೆಯಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತವರೂ ಬಸ್ಸಿನ ಸೀಟಿನಲ್ಲಿ ಕೂತವರೂ ಹೃದಯಾಘಾತದಿಂದ ಹೋಗುತ್ತಾರೆ. ಸಾವಿರ ಜನ ಮೂರು ಗಂಟೆ ಒಂದೇ ಕಡೆ ಕೂರುವ ಜಾಗದಲ್ಲಿ, ವರ್ಷವಿಡೀ, ಯಾರಿಗೂ ಏನೂ ಆಗದಿದ್ದರೆ ಅದೇ ಆಶ್ಚರ್ಯ.

ಹೆದರಿಕೆಗೆ ಹೃದಯ ನಿಲ್ಲುವುದು ಸಾಧ್ಯವೇ ಇಲ್ಲ ಅಂತೀರಾ?

ಹಾಗನ್ನುವುದಿಲ್ಲ. ಭಯವಾಗಲಿ, ಉದ್ವೇಗವಾಗಲಿ, ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಎದೆ ಬಡಿತ ಏರುತ್ತದೆ, ಬಿ.ಪಿ. ಜಿಗಿಯುತ್ತದೆ. ಗಟ್ಟಿ ಹೃದಯ ಇದನ್ನು ಒಂದೆರಡು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತದೆ. ರಕ್ತನಾಳದಲ್ಲಿ ಆಗಲೇ ಕೊಬ್ಬು ಕಟ್ಟಿದ್ದರೆ ಆ ಏರಿಕೆಗೆ ಕಟ್ಟು ಬಿರಿದು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಪಟಾಕಿಗೆ ಮದ್ದು ಮೊದಲೇ ತುಂಬಿತ್ತು, ಸಿನಿಮಾ ಬತ್ತಿಗೆ ಕಿಡಿ ತಾಗಿಸಿತು ಅಷ್ಟೆ.

ಇದಕ್ಕೆ ಒಳ್ಳೆಯ ಪುರಾವೆ ಸಿನಿಮಾದಿಂದಲ್ಲ, ಫುಟ್‌ಬಾಲಿನಿಂದ ಬಂತು. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಲೆಕ್ಕ ಇಟ್ಟರು. ತಮ್ಮ ದೇಶದ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಆಗಿದ್ದವು. ಮೊದಲೇ ಹೃದ್ರೋಗ ಇದ್ದವರಲ್ಲಿ ಏರಿಕೆ ಇನ್ನೂ ಹೆಚ್ಚು.

ರಕ್ತನಾಳ ಚೊಕ್ಕಟವಾಗಿದ್ದೂ, ಆಘಾತದಿಂದಲೇ ಹೃದಯದ ಒಂದು ಭಾಗ ಬಲೂನಿನಂತೆ ಉಬ್ಬಿ ಸೊರಗುವ ತೊಂದರೆ ಇನ್ನೊಂದಿದೆ. ಜಪಾನಿನ ವೈದ್ಯರು 1990ರಲ್ಲಿ ಇದನ್ನು ಗುರುತಿಸಿ ‘ಟಕೋಟ್ಸುಬೋ’ ಎಂದು ಕರೆದರು. ಅದು ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು. ಉಬ್ಬಿದ ಹೃದಯ ಆ ಮಡಕೆಯ ಆಕಾರದಲ್ಲಿ ಕಾಣುತ್ತದಂತೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು, ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ.

ನಕ್ಕು ನಕ್ಕು ಸತ್ತವರು ಇದ್ದಾರಾ?

ಇಂಗ್ಲೆಂಡಿನಲ್ಲಿ 1975ರಲ್ಲಿ ಒಬ್ಬರು ಮನೆಯಲ್ಲಿ ಟಿ.ವಿ. ಹಾಸ್ಯ ಕಾರ್ಯಕ್ರಮ ನೋಡುತ್ತ ಬಹಳ ಹೊತ್ತು ಬಿಡದೆ ನಕ್ಕು ಸೋಫಾ ಮೇಲೆಯೇ ತೀರಿಕೊಂಡರು. ಎಷ್ಟೋ ವರ್ಷ ಅದನ್ನೊಂದು ತಮಾಷೆಯ ಕಥೆಯಂತೆ ಹೇಳಿಕೊಂಡು ಬಂದರು. 2012ರಲ್ಲಿ ಅವರ ಮೊಮ್ಮಗಳಿಗೆ ಹೃದಯ ನಿಂತು, ಅದೃಷ್ಟಕ್ಕೆ ಬದುಕಿದಳು. ಪರೀಕ್ಷೆ ಮಾಡಿದಾಗ ‘ಲಾಂಗ್ ಕ್ಯೂಟಿ’ ಎಂಬ, ವಂಶದಲ್ಲಿ ಹರಿದುಬರುವ ಹೃದಯ ಬಡಿತದ ದೋಷ ಸಿಕ್ಕಿತು. ಅಜ್ಜನಿಗೂ ಅದೇ ಇದ್ದಿರಬೇಕು ಎಂದು ವೈದ್ಯರು ಹೇಳಿದರು.

ಹಾಗಾಗಿ ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನವರು ನಕ್ಕಾಗಲೋ, ಬೆಚ್ಚಿದಾಗಲೋ, ಓಡುವಾಗಲೋ ಎಚ್ಚರ ತಪ್ಪಿ ಬಿದ್ದಿದ್ದರೆ ‘ದೃಷ್ಟಿಯಾಯಿತು’ ಎಂದು ನಿವಾಳಿಸಿ ಸುಮ್ಮನಾಗಬೇಡಿ. ಒಂದು ಇಸಿಜಿ ಮಾಡಿಸಿ.

ಪಕ್ಕದ ಸೀಟಿನವರಿಗೆ ಹೀಗಾದರೆ ನಮಗೆ ಗೊತ್ತಾಗುವುದಿಲ್ಲವೇ?

ಗೊತ್ತಾಗುವುದಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ನಾನು ಹೇಳಿದ ಆ ದಿನ ಮ್ಯಾಟಿನಿ ಷೋ. ಹಳೆಯ ಟಾಕೀಸು, ಸೆಕೆಂಡ್ ಕ್ಲಾಸಿನಲ್ಲಿ ಅರ್ಧ ಸೀಟು ಖಾಲಿ. ನನ್ನಿಂದ ಮೂರು ಸೀಟು ಆಚೆ ಬಿಳಿ ಅಂಗಿಯ ಹಿರಿಯರೊಬ್ಬರು ಒಬ್ಬರೇ ಕೂತಿದ್ದರು. ಕಡಲೆಕಾಯಿ ಬಿಡಿಸಿ ಸಿಪ್ಪೆಯನ್ನು ನೆಲಕ್ಕೆ ಹಾಕದೆ ಪೊಟ್ಟಣದೊಳಗೇ ಹಾಕಿಕೊಳ್ಳುತ್ತಿದ್ದರು. ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ದೊಡ್ಡ ಗೊರಕೆ, ಆಮೇಲೆ ಮೌನ, ಮತ್ತೆ ಒಂದು ಗೊರಕೆ. ಹಿಂದಿನ ಸಾಲಿನ ಹುಡುಗನೊಬ್ಬ, ‘ಯಜಮಾನ್ರೇ, ಮನೇಗ್ ಹೋಗಿ ಮಲ್ಕೊಳ್ಳಿ’ ಎಂದ. ನಾಲ್ಕಾರು ಜನ ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು, ಸದ್ಯ ಎಂದುಕೊಂಡು ಪರದೆಯ ಕಡೆ ತಿರುಗಿದೆವು. ಷೋ ಬಿಟ್ಟು ಲೈಟು ಹಾಕಿದ ಮೇಲೆ ಗೇಟ್‌ಕೀಪರ್ ಬಂದು ಅವರ ಭುಜ ಅಲುಗಿಸಿದ. ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು, ಕೈ ತಣ್ಣಗಾಗಿತ್ತು.

ತರಬೇತಿಯಲ್ಲಿ ನನಗೆ ಮೊದಲ ದಿನ ಹೇಳಿಕೊಟ್ಟದ್ದು ಇದನ್ನೇ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮನುಷ್ಯ ಬಾಯಿ ತೆರೆದು ಗೊರಗುಟ್ಟಬಹುದು, ತಡೆತಡೆದು ಉಸಿರೆಳೆಯಬಹುದು. ಅದು ಉಸಿರಾಟವಲ್ಲ, ನಿದ್ದೆಯೂ ಅಲ್ಲ, ಪ್ರಾಣ ಹೋಗುತ್ತಿರುವ ಸದ್ದು. ಬಯಲಿನಲ್ಲಿ ಬಿದ್ದಿದ್ದರೆ ನಾಲ್ಕು ಜನ ಓಡಿಬರುತ್ತಿದ್ದರು. ಟಾಕೀಸಿನ ಕುರ್ಚಿ ಮನುಷ್ಯನನ್ನು ಬೀಳಲು ಬಿಡುವುದಿಲ್ಲ, ಕತ್ತಲು ಮುಖ ತೋರಿಸುವುದಿಲ್ಲ, ಸೌಂಡು ನರಳಿಕೆಯನ್ನು ನುಂಗುತ್ತದೆ. ಸಿನಿಮಾ ಮಂದಿರದ ಅಪಾಯ ಪರದೆಯ ಮೇಲಿನ ದೆವ್ವದಲ್ಲಿಲ್ಲ, ಇಲ್ಲಿದೆ.

ಅದಕ್ಕೇ ಹೇಳುತ್ತೇನೆ: ತಡೆತಡೆದು ಬರುವ ಗೊರಕೆ ಕೇಳಿದರೆ, ಕತ್ತು ಒಂದು ಕಡೆ ವಾಲಿದ್ದರೆ, ಮೊಬೈಲ್ ಬೆಳಕು ಹಾಯಿಸಿ ಮುಖ ನೋಡಿ. ಭುಜ ತಟ್ಟಿ ಜೋರಾಗಿ ಮಾತಾಡಿಸಿ. ಎಚ್ಚರಾದರೆ ಒಳ್ಳೆಯದೇ ಆಯಿತು.

ಎಚ್ಚರಾಗದಿದ್ದರೆ?

‘ಲೈಟ್ ಹಾಕ್ರೀ, ಷೋ ನಿಲ್ಲಿಸಿ’ ಎಂದು ಕೂಗಿ. ಒಬ್ಬರನ್ನು ಬೆರಳು ತೋರಿಸಿ 108ಕ್ಕೆ ಫೋನ್ ಮಾಡಲು ಹೇಳಿ. ‘ಯಾರಾದರೂ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಇನ್ನೊಬ್ಬರನ್ನು ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಟ್ಟು ಬಡಿತ ಸರಿಪಡಿಸುವ ಯಂತ್ರ, ಇದೆಯಾ ಎಂದು ವಿಚಾರಿಸಲು ಓಡಿಸಿ. ಮಾಲ್‌ಗಳಲ್ಲಿ ಸೆಕ್ಯುರಿಟಿಯವರ ಹತ್ತಿರ ಇರಬಹುದು.

ಕುರ್ಚಿಯಲ್ಲಿ ಕೂರಿಸಿಕೊಂಡು ಎದೆ ಒತ್ತಿದರೆ ಪ್ರಯೋಜನವಿಲ್ಲ. ಸಾಲುಗಳ ನಡುವೆ ಮಲಗಿಸಲು ಜಾಗವೂ ಇರುವುದಿಲ್ಲ. ಇಬ್ಬರು ಮೂವರು ಸೇರಿ ಕಂಕುಳಿಗೆ ಕೈ ಕೊಟ್ಟು ನಡುವಿನ ಓಡಾಡುವ ದಾರಿಗೆ ಎಳೆದು ತನ್ನಿ, ಮೆಟ್ಟಿಲಿದ್ದರೆ ಸಪಾಟಾದ ಕಡೆಗೆ. ಅಂಗಾತ ಮಲಗಿಸಿ, ಎದೆಯ ನಡುಮಧ್ಯೆ ಅಂಗೈ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಒತ್ತಿ. ಐದು ಸೆಂಟಿಮೀಟರ್‌ನಷ್ಟು ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಬದಲಾಯಿಸಿಕೊಳ್ಳಿ. ಪಕ್ಕೆಲುಬು ಮುರಿದೀತು ಎಂದು ಹೆದರಬೇಡಿ, ಮುರಿದ ಎಲುಬು ಕೂಡುತ್ತದೆ. ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ. ಸಿನಿಮಾದ ಒಂದು ಹಾಡು ಎಷ್ಟು ನಿಮಿಷ ಇರುತ್ತದೆ, ನೀವೇ ಲೆಕ್ಕ ಹಾಕಿ.

ನೀರು ಕುಡಿಸಬೇಡಿ. ಕೈಗೆ ಕಬ್ಬಿಣ ಕೊಡುವುದು, ಮುಖಕ್ಕೆ ಈರುಳ್ಳಿ ಹಿಡಿಯುವುದು ಬೇಡ.

ಎದೆ ಹಿಂಡುತ್ತಿದೆ, ಆದರೆ ಗ್ಯಾಸ್ ಇರಬಹುದು ಅನ್ನಿಸಿದರೆ?

ನಮ್ಮಲ್ಲಿ ಎಷ್ಟೋ ಜನ ‘ಗ್ಯಾಸು, ಒಂದು ಸೋಡಾ ಕುಡಿದರೆ ಸರಿಹೋಗುತ್ತೆ’ ಎಂದುಕೊಂಡೇ ಹೋಗಿದ್ದಾರೆ. ಎದೆಯ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ಎ.ಸಿ. ಹಾಲಿನಲ್ಲೂ ಬೆವರು, ಕಾರಣವಿಲ್ಲದ ಸುಸ್ತು: ಇವುಗಳಲ್ಲಿ ಯಾವುದಿದ್ದರೂ ಕ್ಲೈಮ್ಯಾಕ್ಸಿಗೆ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದಿರಬಹುದು. ಜೊತೆಯವರಿಗೆ ಹೇಳಿ ಎದ್ದು ಬನ್ನಿ. ಒಬ್ಬರೇ ಬೈಕ್ ಹತ್ತಿ ಆಸ್ಪತ್ರೆಗೆ ಹೊರಡಬೇಡಿ.

ಊರು ಸಣ್ಣದು, ಇಲ್ಲಿ ಏನಿದೆ ಎನ್ನುವವರಿಗೆ ಒಂದು ಮಾತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೆ ಹೋದದ್ದು ನಾಡಿನ ಯಾರಿಗೂ ಮರೆತಿಲ್ಲ. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯನ್ನು ಸರ್ಕಾರ 2023ರಲ್ಲಿ ಶುರು ಮಾಡಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತವೇ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆ ಇಂಜೆಕ್ಷನ್ ಬೇಗ ಬಿದ್ದಷ್ಟೂ ಒಳ್ಳೆಯದು.

ಸ್ಟೆಂಟ್ ಹಾಕಿಸಿಕೊಂಡಿದ್ದೇನೆ, ಸಿನಿಮಾಕ್ಕೆ ಹೋಗಬಹುದೇ?

ನಿಮ್ಮ ಡಾಕ್ಟರು ಓಡಾಡಿ ಎಂದಿದ್ದರೆ ಧಾರಾಳವಾಗಿ ಹೋಗಿ. ಮಾತ್ರೆ ತಪ್ಪಿಸಬೇಡಿ. ನಾಲಗೆ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಅಂಗಿ ಜೇಬಿನಲ್ಲಿರಲಿ, ಪಾರ್ಕಿಂಗಿನಲ್ಲಿ ನಿಂತ ಗಾಡಿಯಲ್ಲಲ್ಲ. ದಾರಿಯ ಪಕ್ಕದ ಸೀಟು ಹಿಡಿಯಿರಿ. ಮೊದಲ ದಿನದ ಮೊದಲ ಷೋ ಬಿಟ್ಟು ವಾರದ ನಂತರ ಹೋದರೆ ಸಿನಿಮಾವೇನೂ ಹಳಸುವುದಿಲ್ಲ.

ಮಿನುಗುವ ಬೆಳಕಿಗೆ ಫಿಟ್ಸ್ ಬರುತ್ತದಂತೆ?

ಕೆಲವರಿಗೆ ಬರುತ್ತದೆ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿ.ವಿ. ಕಾರ್ಟೂನ್ ಒಂದರಲ್ಲಿ ಕೆಂಪು, ನೀಲಿ ಬೆಳಕು ಪಟಪಟನೆ ಮಿನುಗಿದಾಗ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಯಾರೂ ಸಾಯಲಿಲ್ಲ. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಂಬುಲೆನ್ಸ್ ಕರೆಯಿರಿ.

ಟಾಕೀಸುಗಳಲ್ಲಿ ಜನ ಗುಂಪಾಗಿ ಸತ್ತದ್ದು ಯಾವುದರಿಂದ?

ಬೆಂಕಿ ಮತ್ತು ಮುಚ್ಚಿದ ಬಾಗಿಲಿನಿಂದ. ಬೆಂಕಿಗಿಂತ ಬಾಗಿಲಿನದೇ ದೊಡ್ಡ ಪಾಲು.

1897ರಲ್ಲಿ, ಸಿನಿಮಾ ಹುಟ್ಟಿ ಎರಡೇ ವರ್ಷ, ಪ್ಯಾರಿಸ್ಸಿನ ದತ್ತಿ ಸಂತೆಯಲ್ಲಿ ಪ್ರೊಜೆಕ್ಟರ್ ದೀಪದ ಈಥರ್ ಹೊತ್ತಿಕೊಂಡು 126 ಜನ ಹೋದರು. 1927ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ 78 ಮಕ್ಕಳು, ಹೆಚ್ಚಿನವರು ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು. 1929ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮಕ್ಕಳ ಷೋ ನಡೆಯುವಾಗ ಫಿಲಂ ಡಬ್ಬಿಯೊಂದು ಹೊಗೆಯಾಡಿತು. ಹೊಗೆ ಕಂಡು ಓಡಿದ ಮಕ್ಕಳು ಮುಚ್ಚಿದ ಕಬ್ಬಿಣದ ಗೇಟಿಗೆ ಒತ್ತಿಕೊಂಡು 71 ಮಂದಿ ಸತ್ತರು. ಒಬ್ಬ ಮಗುವಿಗೂ ಬೆಂಕಿ ತಾಗಿರಲಿಲ್ಲ. 1978ರ ಆಗಸ್ಟ್ 19ರಂದು ಇರಾನಿನ ಅಬಾದಾನ್‌ನ ರೆಕ್ಸ್ ಸಿನಿಮಾಕ್ಕೆ ಬೇಕೆಂದೇ ಬೆಂಕಿ ಹಚ್ಚಿದರು, ನಾನೂರರ ಆಸುಪಾಸು ಜನ ಒಳಗೇ ಉಳಿದರು. 1983ರ ಫೆಬ್ರುವರಿಯಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಟಿಕೆಟ್ ಇಲ್ಲದವರು ನುಗ್ಗಬಾರದೆಂದು ತುರ್ತು ಬಾಗಿಲುಗಳಿಗೆ ಬೀಗ ಜಡಿದಿದ್ದರು. 64 ಜನ ಸತ್ತರು, ಬಹಳಷ್ಟು ಮಂದಿ ಕುರ್ಚಿಯ ಬಟ್ಟೆ, ಸ್ಪಂಜು ಉರಿದು ಎದ್ದ ವಿಷದ ಹೊಗೆ ಕುಡಿದು.

ಟಿಕೆಟಿಲ್ಲದವನೊಬ್ಬ ಒಳಗೆ ಬಂದರೆ ಆಗುವ ನಷ್ಟ ಎಷ್ಟು? ಒಂದು ಟಿಕೆಟ್ಟಿನ ದುಡ್ಡು. ಅಷ್ಟಕ್ಕೆ ಹಾಕಿದ ಬೀಗ ಅದು.

ದೆಹಲಿಯ ಉಪಹಾರ್‌ನಲ್ಲಿ ಆದದ್ದೇನು?

1997ರ ಜೂನ್ 13, ಶುಕ್ರವಾರ. ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಬಿಡುಗಡೆಯ ದಿನ, ಮಧ್ಯಾಹ್ನದ ಷೋ. ನೆಲಮಹಡಿಯಲ್ಲಿ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್ ಇತ್ತು. ಅಂದು ಬೆಳಿಗ್ಗೆಯೇ ಅದು ಒಮ್ಮೆ ಹೊತ್ತಿಕೊಂಡಿತ್ತು, ಮಾಡಿದ ರಿಪೇರಿ ನೆಟ್ಟಗಿರಲಿಲ್ಲ. ಸಂಜೆ ಐದರ ಸುಮಾರಿಗೆ ಸಡಿಲವಾದ ಕೇಬಲ್ ಕಿತ್ತುಬಂದು ಕಿಡಿ ಹಾರಿತು, ಎಣ್ಣೆ ಸೋರಿ ಉರಿಯಿತು, ಪಕ್ಕದಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಹತ್ತಿತು. ಹೊಗೆ ಮೆಟ್ಟಿಲಿನ ದಾರಿಯಲ್ಲಿ, ಎ.ಸಿ. ಕೊಳವೆಗಳಲ್ಲಿ ಮೇಲೇರಿ ಬಾಲ್ಕನಿ ತುಂಬಿತು.

ಕೆಳಗಿನ ಕ್ಲಾಸಿನವರು ಹೊರಗೆ ಬಂದರು. ಬಾಲ್ಕನಿಯವರು ಬರಲಾಗಲಿಲ್ಲ. ಹೆಚ್ಚು ಸೀಟು ಹಾಕಿ ಬಲಗಡೆಯ ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಬಲಗಡೆಯ ಹೊರಬಾಗಿಲಿಗೆ ಅಡ್ಡವಾಗಿ ಖಾಸಗಿ ಬಾಕ್ಸ್ ಇತ್ತು. ಉಳಿದ ಬಾಗಿಲಿಗೆ ಚಿಲಕ ಬಿದ್ದಿತ್ತು. ತುರ್ತು ದೀಪವಿಲ್ಲ, ಮೈಕಿನಲ್ಲಿ ‘ಹೊರಗೆ ಬನ್ನಿ’ ಎನ್ನುವವರಿಲ್ಲ. ಉಸಿರುಕಟ್ಟಿ 59 ಜನ ಸತ್ತರು, 103 ಮಂದಿ ಗಾಯಗೊಂಡರು. ಇಬ್ಬರೂ ಮಕ್ಕಳನ್ನು ಕಳೆದುಕೊಂಡ ದಂಪತಿ ಉಳಿದ ಕುಟುಂಬಗಳನ್ನು ಸೇರಿಸಿ ಸಂಘ ಕಟ್ಟಿ ಎರಡು ದಶಕಕ್ಕೂ ಹೆಚ್ಚು ಕಾಲ ಕೋರ್ಟು ಅಲೆದರು. 2007ರಲ್ಲಿ ಮಾಲೀಕರು ದೋಷಿಗಳೆಂದು ತೀರ್ಪಾಯಿತು, 2015ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಮಾಲೀಕರಿಗೆ ತಲಾ 30 ಕೋಟಿ ರೂಪಾಯಿ ಕಟ್ಟಲು ಹೇಳಿತು. ಕಡತಗಳನ್ನು ತಿದ್ದಿದ ಇನ್ನೊಂದು ಪ್ರಕರಣದಲ್ಲಿ 2021ರಲ್ಲಿ ಮತ್ತೆ ಶಿಕ್ಷೆಯಾಯಿತು. ಇದನ್ನೆಲ್ಲ ಓದುವಾಗ ನನ್ನ ಮನಸ್ಸು ನಿಲ್ಲುವುದು ಮಾತ್ರ ಆ ಚಿಲಕದ ಹತ್ತಿರ. ಒಂದು ಬೆರಳಿನಲ್ಲಿ ಸರಿಸಬಹುದಾದ ವಸ್ತು.

ಈಗ ರೀಲು ಹೋಗಿ ಡಿಜಿಟಲ್ ಬಂದಿದೆಯಲ್ಲ, ಇನ್ನೆಲ್ಲಿಯ ಬೆಂಕಿ?

ಹಳೆಯ ನೈಟ್ರೇಟ್ ಫಿಲಂ ನೀರೊಳಗೂ ಉರಿಯುತ್ತಿತ್ತು. ಆ ಪಿಡುಗು 1950ರ ದಶಕದ ಹೊತ್ತಿಗೆ ಮುಗಿಯಿತು. ಆದರೆ ಉಪಹಾರ್ ಸುಟ್ಟದ್ದು ಫಿಲಮ್ಮಿನಿಂದಲ್ಲ, ಕರೆಂಟಿನಿಂದ. ವೈರು, ಎ.ಸಿ., ಜನರೇಟರು, ಗೋಡೆಯ ಫೋಮು, ಪಾಪ್‌ಕಾರ್ನ್ ಯಂತ್ರ ಈಗಲೂ ಇವೆ.

ಕೂತ ಕೂಡಲೇ ಒಂದು ಕೆಲಸ ಮಾಡಿ: ನೀವು ಬಂದ ಬಾಗಿಲನ್ನು ಬಿಟ್ಟು ಇನ್ನೊಂದು ಬಾಗಿಲು ಎಲ್ಲಿದೆ ಎಂದು ನೋಡಿ, ಅಲ್ಲಿಗೆ ಎಷ್ಟು ಸಾಲು ಎಂದು ಎಣಿಸಿ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈಗೆ ಕುರ್ಚಿಗಳ ಎಣಿಕೆ ಮಾತ್ರ ಸಿಗುತ್ತದೆ. ಹೊಗೆ ಮೇಲಿರುತ್ತದೆ, ಬಗ್ಗಿ ನಡೆಯಿರಿ. ಲಿಫ್ಟ್ ಬೇಡ. ಬ್ಯಾಗು ಹುಡುಕುತ್ತ ನಿಲ್ಲಬೇಡಿ. ತುರ್ತು ಬಾಗಿಲಿಗೆ ಬೀಗ ಕಂಡರೆ ಮ್ಯಾನೇಜರನ್ನು ಕರೆದು ತೆಗೆಸಿ, ತೆಗೆಯದಿದ್ದರೆ ಫೋಟೋ ತೆಗೆದು 112ಕ್ಕೆ ಹೇಳಿ. ಚಿತ್ರಮಂದಿರಕ್ಕೆ ಲೈಸೆನ್ಸ್ ಕೊಡುವ ಅಧಿಕಾರಿಗೂ ಬರೆದುಕೊಡಿ.

ಹೊರಗೆ ನೂಕುನುಗ್ಗಲಿನಲ್ಲಿ ಸಾಯುವುದೇಕೆ?

2024ರ ಡಿಸೆಂಬರ್ 4ರ ರಾತ್ರಿ ಹೈದರಾಬಾದಿನ ಸಂಧ್ಯಾ ಥಿಯೇಟರಿನಲ್ಲಿ ‘ಪುಷ್ಪ 2’ ಪ್ರೀಮಿಯರ್ ಷೋಗೆ ನಾಯಕ ನಟರು ಬಂದಾಗ ಜನ ಮುಗಿಬಿದ್ದರು. ಕುಟುಂಬದೊಂದಿಗೆ ಬಂದಿದ್ದ ತಾಯಿ ಸತ್ತರು, ಮಗ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಆರು ತಿಂಗಳಿಗೆ, 2025ರ ಜೂನ್ 4ರಂದು, ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಹೋದರು. ಸಿನಿಮಾ ಆಗಲಿ ಕ್ರಿಕೆಟ್ ಆಗಲಿ, ಸಾವು ಬರುವ ಬಗೆ ಒಂದೇ.

ತುಳಿತಕ್ಕೆ ಸಿಕ್ಕಿ ಸಾಯುತ್ತಾರೆ ಎಂದುಕೊಳ್ಳುತ್ತೇವೆ. ಹೆಚ್ಚಿನವರು ನಿಂತಲ್ಲೇ ಸಾಯುತ್ತಾರೆ. ಮುಂದೆ ಗೇಟು, ಹಿಂದೆ ಜನ, ಎದೆಗೂಡಿಗೆ ಹಿಗ್ಗಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. ನಿಮ್ಮ ಕೈಯನ್ನು ಮುಖಕ್ಕೆ ತರಲಾಗದಷ್ಟು ಒತ್ತಡವಾದರೆ ಆಗಲೇ ತಡವಾಗಿದೆ. ಅದಕ್ಕೂ ಮೊದಲೇ ಹೊರಡಿ. ಸಿಕ್ಕಿಕೊಂಡರೆ ಬಾಕ್ಸರಿನಂತೆ ಎರಡೂ ಕೈ ಎದೆಯ ಮುಂದೆ ಮಡಿಸಿಕೊಳ್ಳಿ, ಮೊಬೈಲ್ ಬಿದ್ದರೆ ಬಗ್ಗಬೇಡಿ, ಗೋಡೆಯ ಕಡೆಯಿಂದ ದೂರವಿರಿ. ಚಿಕ್ಕ ಮಕ್ಕಳನ್ನು ದಯವಿಟ್ಟು ಮೊದಲ ಷೋಗೆ ಕರೆದೊಯ್ಯಬೇಡಿ. ಅಣ್ಣಾವ್ರು ನಿಮ್ಮನ್ನು ಅಭಿಮಾನಿ ದೇವರುಗಳು ಎಂದು ಕರೆದ ನಾಡು ಇದು. ದೇವರನ್ನು ಗೇಟಿನ ಮುಂದೆ ಹೀಗೆ ಹಿಂಡುವುದು ನನಗೆ ಸಂಕಟ ತರುತ್ತದೆ.

ಸಹಾಯ ಮಾಡಿದರೆ ಪೊಲೀಸ್ ಕೇಸು ಮೈಮೇಲೆ ಬರುತ್ತದೆಯೇ?

ಸಾರ್ವಜನಿಕ ಜಾಗದಲ್ಲಿ ದಿಢೀರ್ ಸಾವಾದರೆ ಪೊಲೀಸರು ಸಾಮಾನ್ಯವಾಗಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ ಪಂಚನಾಮೆ, ಮರಣೋತ್ತರ ಪರೀಕ್ಷೆ ಮಾಡಿಸುತ್ತಾರೆ. ಅದು ಯಾರ ಮೇಲಿನ ಆರೋಪವೂ ಅಲ್ಲ. ನೀವು ಕಂಡದ್ದನ್ನು ಕೇಳಬಹುದು, ಕಂಡಷ್ಟು ಹೇಳಿ. ನನ್ನನ್ನು ಅಂದು ಕೇಳಿದ್ದು ಹತ್ತು ನಿಮಿಷ.

ಮನೆಯವರಿಗೆ ಪರಿಹಾರ ಸಿಗುತ್ತದೆಯೇ?

ತಾನಾಗಿ ಬಂದ ಹೃದಯಾಘಾತಕ್ಕೆ ಟಾಕೀಸಿನವರಿಂದ ಸಿಗುವುದು ಕಷ್ಟ. ಅವರ ನಿರ್ಲಕ್ಷ್ಯ ಸಾಬೀತಾದರೆ ಮಾತು ಬೇರೆ. ಉಪಹಾರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2003ರಲ್ಲಿ ಇಪ್ಪತ್ತು ದಾಟಿದವರ ಕುಟುಂಬಕ್ಕೆ 18 ಲಕ್ಷ, ಅದಕ್ಕಿಂತ ಚಿಕ್ಕವರ ಕುಟುಂಬಕ್ಕೆ 15 ಲಕ್ಷ ಎಂದಿತ್ತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು 10 ಲಕ್ಷಕ್ಕೂ ಏಳೂವರೆ ಲಕ್ಷಕ್ಕೂ ಇಳಿಸಿತು. ಇಳಿಸಿದ್ದು ಸರಿ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಷೋ ನಿಲ್ಲಿಸಿ ಎಂದು ಕೂಗಿದರೆ ಜನ ಬೈಯುವುದಿಲ್ಲವೇ?

ಬೈಯಬಹುದು. ಎರಡು ವರ್ಷದ ಹಿಂದೆ ಒಂದು ಮಲ್ಟಿಪ್ಲೆಕ್ಸಿನಲ್ಲಿ ಮುಂದಿನ ಸಾಲಿನವರೊಬ್ಬರ ತಲೆ ಎದೆಯ ಮೇಲೆ ವಾಲಿತ್ತು, ಗೊರಕೆ ತಡೆತಡೆದು ಬರುತ್ತಿತ್ತು. ಎರಡು ಸಲ ಭುಜ ತಟ್ಟಿದೆ, ಎಚ್ಚರಾಗಲಿಲ್ಲ. ಎದ್ದು ನಿಂತು ಲೈಟ್ ಹಾಕಿಸಿ ಎಂದು ಕೂಗಿದೆ. ಹಿಂದಿನಿಂದ ಯಾರೋ ಕೂತ್ಕೊಳ್ರೀ ಎಂದರು. ಲೈಟು ಬಂತು. ಅವರು ಕಣ್ಣು ಬಿಟ್ಟರು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹೋಗಿದ್ದರಂತೆ. ತಪ್ಪು ತಿಳಿದುಕೊಂಡೆ, ಕ್ಷಮಿಸಿ ಎಂದೆ. ‘ಪರವಾಗಿಲ್ಲ ಸಾರ್’ ಎಂದು ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತರು. ಲೈಟು ಆರಿತು.